ಸಣ್ಣ ಅಂಗಡಿಗಳ ಲೆಕ್ಕ ಬರೆದು ವೃತ್ತಿ ಕಟ್ಟಿಕೊಳ್ಳಬಹುದೇ?

ಪ್ರಶ್ನೆ: ನಾನು ಕಳೆದ ವರ್ಷ ಬಿ.ಕಾಂ. ಮುಗಿಸಿದ್ದೇನೆ. ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕಿದರೆ ಅನುಭವ ಕೇಳುತ್ತಾರೆ. ನಮ್ಮೂರಿನ ಬೀಜ-ಗೊಬ್ಬರದ ಅಂಗಡಿಯವರೊಬ್ಬರು ಮತ್ತು ಬಿಡಿಭಾಗ ತಯಾರಿಸುವ ಚಿಕ್ಕ ವರ್ಕ್‌ಶಾಪಿನವರು ತಮ್ಮ ಲೆಕ್ಕ ಬರೆದುಕೊಡಲು ಕರೆದಿದ್ದಾರೆ. ಇಂಥ ಕೆಲಸಕ್ಕೆ ಮುಂದೆ ಬೆಲೆ ಇರುತ್ತದೆಯೇ? ಹೇಗೆ ಆರಂಭಿಸಬೇಕು, ಶುಲ್ಕ ಹೇಗೆ ಕೇಳಬೇಕು?
– ಒಬ್ಬ ಓದುಗ, ರಾಣೆಬೆನ್ನೂರು

ಉತ್ತರ: ಎರಡನ್ನೂ ಒಪ್ಪಿಕೊಳ್ಳಿ. ದೊಡ್ಡ ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಸೇರಿದ ಹೊಸಬರು ಎಷ್ಟೋ ಸಲ ವರ್ಷಗಟ್ಟಲೆ ಬಿಲ್ಲುಗಳನ್ನು ದಾಖಲಿಸುವ ಒಂದೇ ಕೆಲಸದಲ್ಲಿ ಉಳಿದುಬಿಡುತ್ತಾರೆ. ಅಂಗಡಿಯ ಲೆಕ್ಕದಲ್ಲಾದರೋ ಖರೀದಿ, ಮಾರಾಟ, ಉದ್ರಿ, ಬ್ಯಾಂಕು, ತೆರಿಗೆ, ಸಂಬಳದಿಂದ ಹಿಡಿದು ಮಾರ್ಚ್ 31ರ ದಾಸ್ತಾನು ಮತ್ತು ಲಾಭ-ನಷ್ಟದ ಪಟ್ಟಿಯವರೆಗೆ ಎಲ್ಲವೂ ನಿಮ್ಮ ಕೈಯಲ್ಲೇ ಹಾದುಹೋಗುತ್ತವೆ. ಆದರೆ ಈ ಕಲಿಕೆ ತಾನಾಗಿ ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ ಚೀಲದ ತುಂಬ ಬಿಲ್ಲು ತಂದುಕೊಟ್ಟು ‘ರಿಟರ್ನ್ ಹಾಕಿಬಿಡಿ’ ಎನ್ನುವ ಪದ್ಧತಿಗೆ ನೀವು ಒಗ್ಗಿಕೊಂಡರೆ ಬೆರಳಚ್ಚುಗಾರರಾಗಿಯೇ ಉಳಿಯುತ್ತೀರಿ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಯೊಳಗಿರುವವರಿಗೆ ತೆರಿಗೆಯನ್ನು ತಿಂಗಳಿಗೊಮ್ಮೆ ಕಟ್ಟಿ ಜಿಎಸ್‌ಟಿ ರಿಟರ್ನನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಅವಕಾಶವಿರುವುದರಿಂದ ಈ ಅಭ್ಯಾಸ ಇನ್ನಷ್ಟು ಬೇರೂರಿದೆ. ರಿಟರ್ನ್ ಯಾವಾಗಲೇ ಇರಲಿ, ಲೆಕ್ಕ ಮಾತ್ರ ವಾರವಾರವೂ ಮುಗಿಯಬೇಕು. ಇದನ್ನು ಮೊದಲ ದಿನವೇ ಮಾಲೀಕರಿಗೆ ತಿಳಿಸಿ, ವಾರದಲ್ಲಿ ಒಂದು ದಿನ ಅಂಗಡಿಯಲ್ಲೇ ಕುಳಿತು ಬರೆಯಿರಿ.

ರೋಕಡದಿಂದ, ಅಂದರೆ ದಿನದ ನಗದು ಪುಸ್ತಕದಿಂದ ಆರಂಭಿಸಿ. ಬೆಳಗಿನ ಶಿಲ್ಕು 6,200 ರೂಪಾಯಿ, ನಗದು ಮಾರಾಟ 18,500, ಹಳೆಯ ಉದ್ರಿ ವಸೂಲಿ 3,000 ಎಂದಿಟ್ಟುಕೊಳ್ಳಿ. ಹಮಾಲಿಗೆ 450, ವಿದ್ಯುತ್ ಬಿಲ್ಲಿಗೆ 1,150 ಹೋಗಿ, ಬ್ಯಾಂಕಿಗೆ 20,000 ಕಟ್ಟಿದ ಮೇಲೆ ಗಲ್ಲಾಪೆಟ್ಟಿಗೆಯಲ್ಲಿ 6,100 ಇರಬೇಕು. ಎಣಿಸಿದಾಗ 5,300 ಮಾತ್ರ ಸಿಕ್ಕರೆ ಉಳಿದ 800 ರೂಪಾಯಿ ಎಲ್ಲಿ ಹೋಯಿತೆಂದು ಆ ದಿನವೇ ಕೇಳಿದರೆ, ಮನೆಯ ಸಾಮಾನಿಗೆಂದು ತೆಗೆದದ್ದು ಮಾಲೀಕರಿಗೆ ನೆನಪಿರುತ್ತದೆ. ಅದು ಅವರ ಸ್ವಂತ ಖಾತೆಗೆ ಹೋಗುತ್ತದೆ. ಮೂರು ತಿಂಗಳ ನಂತರ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, ಆಗ ಅದು ‘ಇತರೆ ಖರ್ಚು’ ಎಂದು ಸುಳ್ಳು ಹೆಸರಿನಲ್ಲಿ ಲೆಕ್ಕ ಸೇರುತ್ತದೆ. ಮನೆಯ ಹಣವನ್ನೂ ಅಂಗಡಿಯ ಹಣವನ್ನೂ ಬೇರ್ಪಡಿಸಿ ತೋರಿಸುವುದು ಸಣ್ಣ ವ್ಯಾಪಾರಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರವೆಂದು ನಾನು ದೃಢವಾಗಿ ನಂಬಿದ್ದೇನೆ.

ಇದರ ಮಹತ್ವ 2025ರ ಜುಲೈನಲ್ಲಿ ಇಡೀ ರಾಜ್ಯಕ್ಕೆ ಕಂಡಿತು. ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಬೆಂಗಳೂರಿನ ಹಲವು ಅಂಗಡಿಗಳವರು ಗಾಬರಿಯಿಂದ ಕ್ಯೂಆರ್ ಕೋಡ್ ಫಲಕಗಳನ್ನೇ ತೆಗೆದಿಟ್ಟರು. ಯುಪಿಐಯಲ್ಲಿ ಬಂದದ್ದೆಲ್ಲ ಮಾರಾಟವಲ್ಲ; ಅದರಲ್ಲಿ ಕೈಗಡ ವಾಪಸಾದ ಹಣ, ಮನೆಯವರು ಕಳುಹಿಸಿದ ಹಣ, ತೆರಿಗೆಯೇ ಇಲ್ಲದ ಹಾಲು-ತರಕಾರಿಯ ಹಣ ಎಲ್ಲವೂ ಸೇರಿರಬಹುದು. ಬ್ಯಾಂಕಿನ ಪ್ರತಿ ಸಾಲಿನ ಎದುರಿಗೆ ಅದು ಯಾವ ಬಾಬತ್ತಿನದೆಂದು ಆಗಲೇ ಬರೆದಿಟ್ಟವರಿಗೆ ಉತ್ತರ ಕೊಡುವುದು ಒಂದು ದಿನದ ಕೆಲಸ. ಬರೆದಿಡದವರು ನಾಲ್ಕು ವರ್ಷದ ಹಿಂದಿನದನ್ನು ಊಹಿಸುತ್ತ ಕೂರಬೇಕಾಗುತ್ತದೆ.

ಬೀಜ-ಗೊಬ್ಬರದ ಅಂಗಡಿ ನಿಮಗೆ ಒಳ್ಳೆಯ ಪಾಠಶಾಲೆ. ಬಿತ್ತನೆ ಬೀಜಕ್ಕೆ ಜಿಎಸ್‌ಟಿ ಇಲ್ಲ, ರಾಸಾಯನಿಕ ಗೊಬ್ಬರಕ್ಕೆ ಶೇ 5, ಸಾಮಾನ್ಯ ಕೀಟನಾಶಕಕ್ಕೆ ಶೇ 18. ಒಂದೇ ಬಿಲ್ಲಿನಲ್ಲಿ ಈ ಮೂರೂ ಬರುವುದರಿಂದ ದಾಸ್ತಾನಿನ ಪಟ್ಟಿ ಮಾಡುವಾಗಲೇ ಪ್ರತಿ ಸರಕಿಗೆ ಎಚ್‌ಎಸ್‌ಎನ್ ಸಂಖ್ಯೆ (ಸರಕಿನ ವರ್ಗ ಗುರುತಿಸುವ ಸಂಕೇತ) ಮತ್ತು ತೆರಿಗೆ ದರ ಸರಿಯಾಗಿ ಕೂರಬೇಕು. ಅಂಗಡಿ ಬಾಡಿಗೆಯಂಥ ಸಾಮಾನ್ಯ ಖರ್ಚಿನ ಮೇಲೆ ಕಟ್ಟಿದ ತೆರಿಗೆಯನ್ನು ಪೂರ್ತಿಯಾಗಿ ಹೂಡುವಳಿ ತೆರಿಗೆ ಜಮೆಯೆಂದು ಪಡೆಯುವಂತಿಲ್ಲ, ಅಂದರೆ ಮಾರಾಟದ ಮೇಲಿನ ತೆರಿಗೆಯಲ್ಲಿ ಪೂರ್ತಿ ಕಳೆದುಕೊಳ್ಳುವಂತಿಲ್ಲ. ತೆರಿಗೆಯಿಲ್ಲದ ಬೀಜದ ಮಾರಾಟಕ್ಕೆ ಸಲ್ಲುವ ಪಾಲನ್ನು ಬಿಟ್ಟುಕೊಡಬೇಕು. ಹೊಸಬರು ಮರೆಯುವ ಇನ್ನೊಂದು ಅಂಶವಿದೆ. ಸರಕು ಮಾರುವವರು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಬೇಕು. ತೆರಿಗೆಯುಳ್ಳ ಸರಕನ್ನೂ ಮಾರುವವರು ಆ ಮೊತ್ತಕ್ಕೆ ಬೀಜದ ಮಾರಾಟವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಖರೀದಿಯ ಕಡೆ, ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ ಪ್ರತಿ ತಿಂಗಳ 14ರಂದು ಜಿಎಸ್‌ಟಿ ಪೋರ್ಟಲಿನಲ್ಲಿ ಸಿದ್ಧವಾಗುವ ಜಿಎಸ್‌ಟಿಆರ್-2ಬಿ ಪಟ್ಟಿಯನ್ನು (ನಿಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ನಿಮ್ಮ ಖರೀದಿ ಪುಸ್ತಕದೊಂದಿಗೆ ತಾಳೆ ನೋಡಿ. ಕಂಪನಿಯ ಡೀಲರ್ ತನ್ನ ರಿಟರ್ನಿನಲ್ಲಿ ತೋರಿಸದ ಬಿಲ್ಲು ಆ ಪಟ್ಟಿಯಲ್ಲಿ ಇರುವುದಿಲ್ಲ, ಅದರ ತೆರಿಗೆ ಜಮೆಯೂ ಸಿಗುವುದಿಲ್ಲ. ಕೂಡಲೇ ಫೋನ್ ಮಾಡಿ ಸರಿಪಡಿಸಲು ಹೇಳಿ.

ವರ್ಕ್‌ಶಾಪಿನವರು ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಮಾಡಿಸಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಅದಿದ್ದರೆ, ಕರಾರು ಏನೇ ಇದ್ದರೂ ಅವರಿಂದ ಮಾಲು ಕೊಂಡ ಕಂಪನಿ 45 ದಿನದೊಳಗೆ ಹಣ ಕೊಡಬೇಕು. ಲಿಖಿತ ಕರಾರು ಇಲ್ಲದಿದ್ದರೆ 15 ದಿನದೊಳಗೆ. 2023-24ರ ಲೆಕ್ಕವರ್ಷದಿಂದ, ತಡವಾಗಿ ಕೊಟ್ಟ ಹಣವನ್ನು ಆ ಕೊಂಡ ಕಂಪನಿ ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಬಹುದು. ಬಾಕಿ ಇರುವವರಿಗೆ ತಾರೀಖು ಸಮೇತ ಬಾಕಿಪಟ್ಟಿ ಕಳುಹಿಸುವ ಕೆಲಸವನ್ನು ನೀವು ವಹಿಸಿಕೊಂಡರೆ, ನಿಮ್ಮ ಶುಲ್ಕಕ್ಕೆ ಆ ಮಾಲೀಕರು ಎಂದೂ ಚೌಕಾಸಿ ಮಾಡುವುದಿಲ್ಲ. ಕಾರ್ಮಿಕರ ಸಂಖ್ಯೆಯನ್ನೂ ಗಮನಿಸಿ: 10 ಜನರಾದರೆ ಇಎಸ್‌ಐ, 20 ಆದರೆ ಭವಿಷ್ಯನಿಧಿ ಅನ್ವಯವಾಗುತ್ತದೆ.

ಶುಲ್ಕವನ್ನು ವಹಿವಾಟಿನ ಮೊತ್ತದ ಮೇಲಲ್ಲ, ತಿಂಗಳಿಗೆ ಎಷ್ಟು ಬಿಲ್ಲು, ಎಷ್ಟು ಬ್ಯಾಂಕ್ ಖಾತೆ, ಎಷ್ಟು ಸಲ ಭೇಟಿ ಎಂಬುದರ ಮೇಲೆ ನಿರ್ಧರಿಸಿ. ಏನು ಸೇರಿದೆ, ಏನು ಸೇರಿಲ್ಲ ಎಂಬುದನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಹಳೆಯ ವರ್ಷಗಳ ಲೆಕ್ಕ ಸರಿಪಡಿಸುವುದಿದ್ದರೆ ಅದಕ್ಕೆ ಪ್ರತ್ಯೇಕ ಶುಲ್ಕ. ಪೋರ್ಟಲಿಗೆ ಕೊಡುವ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಮಾಲೀಕರದ್ದೇ ಆಗಿರಲಿ. ಲೆಕ್ಕ ಬರೆಯುವವರ ಸಂಖ್ಯೆ ಕೊಟ್ಟಿದ್ದು, ಅವರು ಊರು ಬಿಟ್ಟ ಮೇಲೆ ಇಲಾಖೆಯ ನೋಟಿಸ್ ಮಾಲೀಕರ ಕಣ್ಣಿಗೇ ಬೀಳದೆ ಗಡುವು ಮುಗಿದುಹೋಗುವುದುಂಟು. ಸರಕು ಕೈಬದಲಾಗದ ಬಿಲ್ಲನ್ನು ‘ಸುಮ್ಮನೆ ಎಂಟ್ರಿ ಹಾಕಿ’ ಎಂದು ಯಾರಾದರೂ ಕೇಳಿದರೆ, ಎಷ್ಟೇ ಹತ್ತಿರದವರಾದರೂ ಒಪ್ಪಬೇಡಿ. ಜಿಎಸ್‌ಟಿ ಕಾಯ್ದೆಯಲ್ಲಿ ಅದಕ್ಕೆ ನೆರವಾದವರಿಗೂ ದಂಡವಿದೆ.

ಪ್ರಶ್ನೆ: ಹತ್ತು ವರ್ಷದ ಹಿಂದೆ ಬಿ.ಕಾಂ. ಮಾಡಿ ಗೃಹಿಣಿಯಾಗಿದ್ದೇನೆ. ಈಗ ಟ್ಯಾಲಿ ಕಲಿತರೆ ಮನೆಯಿಂದಲೇ ಅಂಗಡಿಗಳ ಲೆಕ್ಕ ಮಾಡಿಕೊಡಬಹುದೇ? ಸಹಿ ಮಾಡುವ ಅಧಿಕಾರ ಇರುತ್ತದೆಯೇ?
– ಒಬ್ಬ ಓದುಗರು, ಮೈಸೂರು

ಉತ್ತರ: ಖಂಡಿತ ಮಾಡಬಹುದು. ಟ್ಯಾಲಿ ಬೆಂಗಳೂರಿನದೇ ಕಂಪನಿ. 1980ರ ದಶಕದಲ್ಲಿ ತಂದೆಯ ವ್ಯಾಪಾರದ ಲೆಕ್ಕಕ್ಕೆಂದು ಮಗ ಭರತ್ ಗೋಯೆಂಕಾ ಬರೆದ ತಂತ್ರಾಂಶದಿಂದ ಅದು ಬೆಳೆಯಿತು. ಅದನ್ನು ಕಲಿಯಲು ಕೆಲವು ವಾರ ಸಾಕು. ಆದರೆ ಯಾವ ಖರ್ಚು ಯಾವ ಖಾತೆಗೆ ಎಂದು ತಂತ್ರಾಂಶ ನಿರ್ಧರಿಸುವುದಿಲ್ಲ. ಜಮಾ-ಖರ್ಚಿನ ತತ್ವವನ್ನು ನಿಮ್ಮ ಹಳೆಯ ಪಠ್ಯಪುಸ್ತಕದಿಂದಲೇ ಮತ್ತೊಮ್ಮೆ ಓದಿಕೊಳ್ಳಿ. ಜಿಎಸ್‌ಟಿ ಬಂದದ್ದು 2017ರ ಜುಲೈ 1ರಂದು, ನಿಮ್ಮ ಪದವಿಯ ನಂತರ. ದರಗಳೂ 2025ರ ಸೆಪ್ಟೆಂಬರ್ 22ರಿಂದ ಬಹಳಷ್ಟು ಬದಲಾಗಿರುವುದರಿಂದ ಹಳೆಯ ಕೈಪಿಡಿಗಳನ್ನು ನಂಬಬೇಡಿ. ಸಾಧ್ಯವಾದರೆ ಮೊದಲ ಆರು ತಿಂಗಳು, ದಿನಕ್ಕೆ ಅರ್ಧ ಹೊತ್ತಾದರೂ, ಹತ್ತಿರದ ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡಿ.

ಸಹಿಯ ವಿಷಯದಲ್ಲಿ, ವಾಣಿಜ್ಯ ಪದವೀಧರರು ಪೋರ್ಟಲಿನಲ್ಲಿ ಅರ್ಜಿ ಹಾಕಿ, ನಿಗದಿತ ಪರೀಕ್ಷೆ ಪಾಸಾಗಿ ಜಿಎಸ್‌ಟಿ ಪ್ರಾಕ್ಟೀಷನರ್ ಆಗಬಹುದು. ಆಗ ವ್ಯಾಪಾರಿಯ ಒಪ್ಪಿಗೆಯ ಮೇರೆಗೆ ಅವರ ಪರವಾಗಿ ರಿಟರ್ನ್ ಸಲ್ಲಿಸಬಹುದು. ಆದಾಯ ತೆರಿಗೆಯ ಲೆಕ್ಕಪರಿಶೋಧನಾ ವರದಿಗೆ ಮಾತ್ರ ಚಾರ್ಟರ್ಡ್ ಅಕೌಂಟೆಂಟರ ಸಹಿಯೇ ಆಗಬೇಕು. ಪದವಿಯಲ್ಲಿ ಶೇ 55 ಅಂಕಗಳಿದ್ದರೆ ಸಿ.ಎ. ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ಸೇರುವ ದಾರಿ ನಿಮಗೂ ರಾಣೆಬೆನ್ನೂರಿನ ಓದುಗರಿಗೂ ತೆರೆದಿದೆ.