ಬಿಳಿ ಹದ್ದಿಗೆ ಬಿಳಿ ಬಣ್ಣ ಬೇಕಿಲ್ಲ

ಪ್ರಶ್ನೆ: ಕಡಲತೀರದ ಎತ್ತರದ ಮರವೊಂದರಲ್ಲಿ ಬಿಳಿಹೊಟ್ಟೆ ಕಡಲ ಹದ್ದಿನ ಜೋಡಿ ಗೂಡು ಕಟ್ಟಿದೆ. ಜಲವರ್ಣದಲ್ಲಿ ಚಿತ್ರಿಸುವ ಆಸೆ. ಎಷ್ಟು ಹತ್ತಿರ ಹೋಗಬಹುದು? ಫೋಟೊ ನೋಡಿ ಬಿಡಿಸಿದ ಹದ್ದುಗಳಿಗೆ ಜೀವವೇ ಇರುವುದಿಲ್ಲ. ಏನು ಮಾಡಲಿ?

ಉತ್ತರ: ಹತ್ತಿರ ಹೋಗಲೇಬೇಡಿ. ಎಷ್ಟು ದೂರ ಅನ್ನುವುದನ್ನು ಹಕ್ಕಿಯೇ ಹೇಳುತ್ತದೆ. ಅದು ಕತ್ತು ಚಾಚಿ ನಿಮ್ಮನ್ನೇ ದಿಟ್ಟಿಸುತ್ತಿದ್ದರೆ ಅಥವಾ ಕೂಗುತ್ತಾ ಗೂಡಿನ ಮೇಲೆ ಸುತ್ತು ಹಾಕಿದರೆ ಕೂಡಲೇ ಹಿಂದೆ ಸರಿಯಿರಿ. ಸಾಮಾನ್ಯವಾಗಿ ಎರಡು ಮೊಟ್ಟೆ, ಸುಮಾರು ಆರು ವಾರದ ಕಾವು. ಆ ಹೊತ್ತಿನಲ್ಲಿ ತಾಯಿ ಎದ್ದು ಹೋದರೆ ಮೊಟ್ಟೆ ಬಿಸಿಲಿಗೆ ಕೆಡುತ್ತದೆ, ಕಾಗೆಗಳ ಪಾಲೂ ಆಗಬಹುದು. ಗೂಡಿರುವ ಜಾಗವನ್ನು ಯಾರಿಗೂ ಹೇಳಬೇಡಿ. ಡ್ರೋನ್ ಹಾರಿಸುವವರಿಗಂತೂ ಬೇಡವೇ ಬೇಡ.

ಟ್ರೈಪಾಡ್ ಮೇಲೆ ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿಯನ್ನು ಹತ್ತಿರ ತೋರಿಸುವ ಪುಟ್ಟ ದೂರದರ್ಶಕ) ಇಟ್ಟು ದೂರದಲ್ಲಿ ಒಂದೇ ಕಡೆ ಕೂತುಬಿಡಿ. ಈ ಕೆಲಸದಲ್ಲಿ ನಾನು ಕುಂಚಕ್ಕಿಂತ ಸ್ಕೋಪನ್ನೇ ಹೆಚ್ಚು ನಂಬುತ್ತೇನೆ. ಮೊದಲು ಗರಿಗಳ ಗೋಜಿಗೆ ಹೋಗದೆ ಮೈಭಾರ ಯಾವ ಕಾಲಿನ ಮೇಲಿದೆ, ಭುಜ ಎಲ್ಲಿ ಇಳಿದಿದೆ ಎಂದು ಪೆನ್ಸಿಲಿನಲ್ಲಿ ಬೇಗಬೇಗ ಗೀಚಿ. ಹಕ್ಕಿ ಕದಲಿದರೆ ಆ ಗೀಚನ್ನು ಅಲ್ಲಿಗೇ ಬಿಟ್ಟು ಪಕ್ಕದಲ್ಲಿ ಹೊಸದು ಶುರುಮಾಡಿ. ಅದೇ ಭಂಗಿಗೆ ಅದು ಮತ್ತೆ ಬಂದೇ ಬರುತ್ತದೆ. ಮರಿಗಳ ನಡುವೆ ನಡೆಯುವಾಗ ಆ ಭಯಂಕರ ಉಗುರುಗಳನ್ನು ಒಳಕ್ಕೆ ಮಡಚಿ, ಮುಷ್ಟಿ ಕಟ್ಟಿದ ಪಾದದಲ್ಲೇ ಹೆಜ್ಜೆಯಿಡುತ್ತದೆ. ಸುಡುಬಿಸಿಲಿನಲ್ಲಿ ಅರ್ಧ ರೆಕ್ಕೆ ಬಿಚ್ಚಿ, ಕೊಕ್ಕು ತೆರೆದು ಏದುತ್ತಾ ಮರಿಗಳಿಗೆ ನೆರಳಾಗಿ ನಿಲ್ಲುತ್ತದೆ. ಇದನ್ನೆಲ್ಲ ಕಣ್ಣಾರೆ ಕಂಡ ಕೈಯಿಂದ ಬರುವ ಗೆರೆಯೇ ಬೇರೆ. ನೀವು ಕೇಳುವ ಜೀವ ಅಲ್ಲಿಂದಲೇ ಬರಬೇಕು.

ತಲೆ, ಎದೆಯ ಬಿಳುಪಿಗೆ ಕಾಗದವನ್ನೇ ಖಾಲಿ ಬಿಡಿ. ಅಲ್ಟ್ರಾಮರೀನ್ ನೀಲಿಗೆ ಚೂರು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ನೆರಳಿಗೆ ಒಳ್ಳೆಯ ಬೂದು ಸಿಗುತ್ತದೆ; ಬೆನ್ನಿಗೂ ಅದೇ ಬಣ್ಣ, ಇನ್ನಷ್ಟು ಗಾಢವಾಗಿ. ಹಿಂದಿನ ಆಕಾಶಕ್ಕೆ ತೆಳುವಾಗಿಯಾದರೂ ಬಣ್ಣ ಹಾಕದಿದ್ದರೆ ಎದೆಯ ಅಂಚು ಕಾಣುವುದೇ ಇಲ್ಲ. ಕಡಲ ಗಾಳಿಯ ತೇವಕ್ಕೆ ಕಾಗದ ಬೇಗ ಒಣಗುವುದಿಲ್ಲ. ಹಾಗಾಗಿ ಬಣ್ಣದ ಹೆಸರುಗಳನ್ನು ಗೀಚಿನ ಪಕ್ಕದಲ್ಲೇ ಬರೆದುಕೊಂಡು, ಬಣ್ಣ ಹಾಕುವ ಕೆಲಸ ಮನೆಗೆ ಬಂದ ಮೇಲೆ ಮಾಡಿ.

ಮರಿಗಳು ಗೂಡಿನಂಚಿಗೆ ಬಂದು ರೆಕ್ಕೆ ಬಡಿಯತೊಡಗಿದಾಗ ಅವನ್ನು ತಾಯಿಯಂತೆ ಬಿಳಿಯಾಗಿ ಬಿಡಿಸಬೇಡಿ. ಅವು ಕಂದು. ದೊಡ್ಡವುಗಳ ಬಿಳಿ-ಬೂದು ಬಣ್ಣ ಬರಲು ನಾಲ್ಕೈದು ವರ್ಷ ಬೇಕು.