ಸಿಲಿಕಾ ಜೆಲ್ ಪೊಟ್ಟಣಗಳನ್ನು ಮನೆಯಲ್ಲೇ ಒಣಗಿಸಿ ಮತ್ತೆ ಬಳಸಬಹುದಾ?

ಧಾರಾಳವಾಗಿ ಬಳಸಬಹುದು. ಪೊಟ್ಟಣದಲ್ಲಿರುವ, ತೇವ ಹೀರುವ ಸಿಲಿಕಾ ಹರಳಿನ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ತೇವ ಅಲ್ಲಿ ಅಂಟಿಕೊಳ್ಳುತ್ತದೆ, ಬಿಸಿ ಮಾಡಿದರೆ ಬಿಟ್ಟುಹೋಗುತ್ತದೆ.

ಬರೀ ಬಿಸಿಲು ಸಾಲದು. ಮಂಗಳೂರಿನ ಜುಲೈನಲ್ಲಂತೂ ಬಿಸಿಲೆಲ್ಲಿದೆ ಹೇಳಿ! ಒವನ್ ಇದ್ದರೆ ಹರಳನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ, 110ರಿಂದ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಇಡಿ. ಪೊಟ್ಟಣ ಸಮೇತ ಇಡಬೇಡಿ, ಕವರ್ ಕರಗಬಹುದು. ಒವನ್ ಇಲ್ಲದವರು ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹುರಿಯಿರಿ. ಉರಿ ಜಾಸ್ತಿಯಾದರೆ ಹರಳು ಚಟಪಟ ಸಿಡಿಯುತ್ತದೆ. ಒಣಗಿದೆಯಾ ಅಂತ ನೋಡಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ತೂಕ ಇಳಿಯುವುದು ನಿಂತರೆ ಕೆಲಸ ಮುಗಿಯಿತು.

ಬಣ್ಣದ ಹರಳಾದರೆ ತಕ್ಕಡಿಯೂ ಬೇಡ. ತೇವ ಹೀರಿ ಗುಲಾಬಿಯಾದದ್ದು ಒಣಗಿದ ಮೇಲೆ ಮತ್ತೆ ನೀಲಿಗೆ ಬರುತ್ತದೆ. ಆದರೆ ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡ್‌ನದು, ವಿಷ. ಅಡುಗೆಯ ಒವನ್, ಪಾತ್ರೆ ಯಾವುದನ್ನೂ ಅದಕ್ಕೆ ಬಳಸಬೇಡಿ. ಮನೆಬಳಕೆಗೆ ಬಿಳಿ ಹರಳೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಒಣಗಿದ್ದನ್ನು ತೆರೆದಿಟ್ಟರೆ ಗಾಳಿಯ ತೇವ ಮತ್ತೆ ಹೀರುತ್ತದೆ. ಸ್ವಲ್ಪ ಬೆಚ್ಚಗಿರುವಾಗಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಆಮೇಲೆ ತೆಳು ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ ಕ್ಯಾಮೆರಾ ಪೆಟ್ಟಿಗೆಯಲ್ಲೋ ಕಾಗದಪತ್ರದ ಡಬ್ಬಿಯಲ್ಲೋ ಇಡಬಹುದು. ಬೀರುವಿನಲ್ಲಿ ತೂಗುಹಾಕುವ, ನೀರು ತುಂಬಿಕೊಳ್ಳುವ ಚೀಲ ಇದಲ್ಲ. ಅದರಲ್ಲಿರುವುದು ಸಾಮಾನ್ಯವಾಗಿ ಕ್ಯಾಲ್ಸಿಯಂ ಕ್ಲೋರೈಡ್, ಅದನ್ನು ಹೀಗೆ ಒಣಗಿಸಲು ಹೋಗಬೇಡಿ.