60 ಇಂಗಾಲದ ಪರಮಾಣುಗಳು ಸೇರಿ ಆದ ಚೆಂಡಿನಾಕಾರದ ಅಣು ಸಿ60 ಫುಲರೀನ್ ಬೆಳಕನ್ನೇ ಸೂಸುವುದಿಲ್ಲ ಅಂತಾರೆ. ಹಾಗಾದರೆ ಅದರಿಂದ ಹೊಳೆಯುವ ದ್ರವ ಸ್ಫಟಿಕ ಮಾಡಿದ್ದು ಹೇಗೆ?

ಫುಲರೀನ್ ಚೆಂಡಿನ ಎರಡು ತುದಿಗಳಿಗೆ ಐದೈದು ಉದ್ದನೆಯ ಅಣುತೋಳುಗಳನ್ನು ಜೋಡಿಸಿ. ತೋಳುಗಳು ಚೆಂಡಿನ ಎಲೆಕ್ಟ್ರಾನ್ ಜಾಲವನ್ನು ಬದಲಿಸಿ ಅದು ಹೊಳೆಯುವಂತೆ ಮಾಡುತ್ತವೆ, ದ್ರವ ಸ್ಫಟಿಕದ ಗುಣವನ್ನೂ ಕೊಡುತ್ತವೆ.

ಮಾಮೂಲಿ ಸಿ60 ಬೆಳಕನ್ನು ಹೀರುತ್ತದೆ, ಆದರೆ ಸಾವಿರ ಫೋಟಾನ್ (ಬೆಳಕಿನ ಕಣ) ಹೀರಿದರೂ ಒಂದು ಮರಳಿ ಬರುವುದೇ ಕಷ್ಟ. ಅದರ ಆಕಾರ ಅತಿ ಸಮರೂಪವಾದ್ದರಿಂದ ಶಕ್ತಿ ಬೆಳಕಾಗಿ ಹೊರಬರುವ ನೇರ ದಾರಿ ಬಹುತೇಕ ಮುಚ್ಚಿರುತ್ತದೆ. ಶಕ್ತಿ ಬೇಗನೆ ಟ್ರಿಪ್ಲೆಟ್ ಎಂಬ ಇನ್ನೊಂದು ಸ್ಥಿತಿಗೆ ಜಾರಿ, ಸುಮ್ನೆ ಬಿಸಿಯಾಗಿ ಕಳೆದುಹೋಗುತ್ತದೆ.

ತೋಳುಗಳು ಅಂಟಿದಾಗ ಆ ಜಾಲದಿಂದ ಮೇಲಿನ ಮತ್ತು ಕೆಳಗಿನ ತುದಿಗಳು ಬೇರೆಯಾಗುತ್ತವೆ. 60 ಇಂಗಾಲಗಳಲ್ಲಿ ನಡುವಿನ 40 ಮಾತ್ರ ಒಂದು ಪಟ್ಟಿಯಾಗಿ ಉಳಿಯುತ್ತವೆ, ಆರು ಇಂಗಾಲಗಳ ಹತ್ತು ಬೆಂಜೀನ್ ಉಂಗುರಗಳನ್ನು ಬಳೆಯಂತೆ ಸುತ್ತಿಟ್ಟ ಹಾಗೆ. ಈ ಬಳೆ ಹಳದಿ ಬೆಳಕು ಸೂಸುತ್ತದೆ! ಟೋಕಿಯೊ ವಿಶ್ವವಿದ್ಯಾಲಯದ ಎಯಿಚಿ ನಕಮುರಾ ಅವರ ತಂಡ 2003ರಲ್ಲಿ ಇಂಥ ಬಳೆಯನ್ನು ಮೊದಲು ತೋರಿಸಿತು. ಚೆಂಡಿಗೆ ಏನನ್ನೂ ಹೊಸದಾಗಿ ತುಂಬದೆ, ಇದ್ದದ್ದರಲ್ಲೇ ಒಂದಷ್ಟನ್ನು ಬೇರ್ಪಡಿಸಿ ಬೆಳಕು ತರಿಸಿದ್ದು ನನಗೆ ತುಂಬಾ ಇಷ್ಟವಾದ ವಿಷಯ.

ಇನ್ನು ದ್ರವ ಸ್ಫಟಿಕ ಅಂದರೆ ದ್ರವದಂತೆ ಹರಿದರೂ ಅಣುಗಳು ಸಾಲಾಗಿ ನಿಲ್ಲುವ ಸ್ಥಿತಿ. ಬರಿಯ ಚೆಂಡುಗಳು ಒಂದಕ್ಕೊಂದು ಬಿಗಿಯಾಗಿ ಅಂಟಿ ಗಟ್ಟಿ ಹರಳಾಗುತ್ತವೆ. ತೋಳುಗಳ ತುದಿಯಲ್ಲಿ ಮೆತ್ತಗಿನ ಉದ್ದ ಸರಪಳಿಗಳಿದ್ದರೆ ಆ ಬಿಗಿ ಸಡಿಲವಾಗುತ್ತದೆ, ಆದರೂ ಸಾಲು ಪೂರ್ತಿ ಕೆಡುವುದಿಲ್ಲ.